ಹದಿಹರೆಯದ ಮಕ್ಕಳು ಸಂಕಟದಲ್ಲಿದ್ದರೆ ಯಾರ ಬಾಗಿಲು ತಟ್ಟಬೇಕು? ಕಾಸರಗೋಡಿನ ಮನೆಗಳಿಗೊಂದು ಕೈಪಿಡಿ

ಕಾಸರಗೋಡು ಜಿಲ್ಲೆಯಲ್ಲಿ ಹದಿಹರೆಯದ ಮಕ್ಕಳಿಗೆ ಸಹಾಯವೇ ಇಲ್ಲ ಎನ್ನುವಂತಿಲ್ಲ. ಹಲವು ಶಾಲೆಗಳಲ್ಲಿ ಕೌನ್ಸೆಲರ್ ಇದ್ದಾರೆ, ಪಂಚಾಯತಿನಲ್ಲಿ ಹೆಂಗಸರ, ಮಕ್ಕಳ ರಕ್ಷಣೆಗಿರುವ ಜಾಗ್ರತಾ ಸಮಿತಿ ಇದೆ, ಸರಕಾರಿ ಆಸ್ಪತ್ರೆಯಲ್ಲಿ ಮಾನಸಿಕ ಆರೋಗ್ಯದ ಕ್ಲಿನಿಕ್ ಇದೆ, ಅಬಕಾರಿ ಇಲಾಖೆಯ ವ್ಯಸನ ಬಿಡಿಸುವ ವಿಮುಕ್ತಿ ಕೇಂದ್ರ ಇದೆ, ವಿದ್ಯಾನಗರದ ಸಿವಿಲ್ ಸ್ಟೇಷನ್ನಿನಲ್ಲಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕ ಇದೆ. ಆದರೆ ಒಂದು ಕಡೆ ನಡೆದದ್ದು ಇನ್ನೊಂದು ಕಡೆಗೆ ತಿಳಿದಿರುವುದಿಲ್ಲ. ಕೌನ್ಸೆಲರ್ ಆಸ್ಪತ್ರೆಗೆ ಹೋಗಿ ಅನ್ನುತ್ತಾರೆ, ಆಸ್ಪತ್ರೆಯಲ್ಲಿ ಮದ್ದು ಬರೆದುಕೊಡುತ್ತಾರೆ, ಆ ಮದ್ದಿನಿಂದ ಹುಡುಗಿ ಕ್ಲಾಸಿನಲ್ಲಿ ತೂಕಡಿಸಿದರೆ ಕಾರಣ ತಿಳಿಯದ ಮಾಸ್ಟ್ರು ಬೈಯುತ್ತಾರೆ, ಮರುದಿನದಿಂದ ಅವಳು ಮದ್ದೂ ಬಿಡುತ್ತಾಳೆ, ಶಾಲೆಯೂ ಬೇಡ ಅನ್ನುತ್ತಾಳೆ. ಮಕ್ಕಳು ಕೈತಪ್ಪುವುದು ಹೆಚ್ಚಾಗಿ ಇಂಥ ಸಂದುಗಳಲ್ಲಿ. ಅದಕ್ಕೇ ಮೊದಲ ಕೆಲಸ: ಮನೆಯಲ್ಲಿ ಒಬ್ಬರು ಈ ಜವಾಬ್ದಾರಿ ಹೊರಬೇಕು. ಅಮ್ಮ, ಸೋದರಮಾವ, ಚಿಕ್ಕಮ್ಮ ಯಾರೂ ಆಗಬಹುದು, ಆದರೆ ಒಬ್ಬರೇ. ಎಲ್ಲ ಭೇಟಿಗೂ ಅವರೇ ಜೊತೆಗೆ ಹೋಗಬೇಕು, ಎಲ್ಲ ಚೀಟಿಗಳೂ ಅವರ ಕೈಯಲ್ಲೇ ಇರಬೇಕು.

ಈ ಹೊತ್ತೇ ಅಪಾಯ ಇದ್ದರೆ

'ನಾನು ಇರಬಾರದಿತ್ತು' ಎಂಬ ಮಾತು, ಬರೆದಿಟ್ಟ ಚೀಟಿ, ಕೈಮೇಲೆ ಹೊಸ ಗಾಯದ ಗೆರೆಗಳು, ಸೆಕೆಗಾಲದಲ್ಲೂ ಬಿಚ್ಚದ ಉದ್ದ ತೋಳಿನ ಅಂಗಿ, ಇಷ್ಟದ ವಸ್ತುಗಳನ್ನೆಲ್ಲ ಗೆಳೆಯರಿಗೆ ಕೊಟ್ಟುಬಿಡುವುದು. ಇವು ಕಂಡರೆ ಮುಂದಿನದ್ದನ್ನು ಆಮೇಲೆ ಓದಿ, ಈಗ ಇಷ್ಟು ಮಾಡಿ.

ಮಗುವನ್ನು ಒಂಟಿಯಾಗಿ ಬಿಡಬೇಡಿ. ಒಬ್ಬರು ಪಕ್ಕದಲ್ಲಿ ಕುಳಿತುಕೊಳ್ಳಲಿ. ಬುದ್ಧಿ ಹೇಳಲು ಅಲ್ಲ, ಸುಮ್ಮನೆ ಜೊತೆಗಿರಲು. 'ಸಾಯಬೇಕು ಅಂತ ಅನಿಸ್ತಾ ಇದೆಯಾ?' ಎಂದು ನೇರವಾಗಿಯೇ ಕೇಳಬಹುದು. ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಕ್ಕೀತು ಎಂಬ ಹೆದರಿಕೆ ಬೇಡ, ಹಾಗೆ ಆಗುವುದಿಲ್ಲ. ಒಳಗಿದ್ದದ್ದನ್ನು ಹೇಳಿಕೊಳ್ಳಲು ಅದು ದಾರಿಯಾಗುತ್ತದೆ.

ಇನ್ನೊಬ್ಬರು ಅಷ್ಟರಲ್ಲಿ ತೋಟದ ಶೆಡ್ಡಿಗೆ ಹೋಗಲಿ. ಅಡಿಕೆ ತೋಟವಿರುವ ಮನೆಯಲ್ಲಿ ಕಳೆನಾಶಕ, ಕೀಟನಾಶಕ, ಮೈಲುತುತ್ತು, ಇಲಿ ಪಾಷಾಣ ಎಲ್ಲ ಕೈಗೆಟಕುವಲ್ಲೇ ಇರುತ್ತವೆ. ಎಲ್ಲವನ್ನೂ ಬೀಗದೊಳಗೆ ಇಡಿ, ಬೀಗದ ಕೈ ಗೋಡೆಯ ಮೊಳೆಗೆ ತೂಗುಹಾಕದೆ ನಿಮ್ಮ ಬಳಿಯೇ ಇಟ್ಟುಕೊಳ್ಳಿ. ಸಾಧ್ಯವಾದರೆ ಕೆಲವು ತಿಂಗಳ ಮಟ್ಟಿಗೆ ಅವನ್ನು ಮನೆಯಿಂದಲೇ ಸಾಗಿಸಿ. ಅಜ್ಜ ಅಜ್ಜಿಯರ ಬಿಪಿ ಮಾತ್ರೆ, ಸಕ್ಕರೆ ಕಾಯಿಲೆಯ ಮಾತ್ರೆ, ನಿದ್ದೆ ಮಾತ್ರೆಗಳ ಡಬ್ಬವೂ ಬೀಗದೊಳಗೆ ಹೋಗಲಿ. ಈ ಪ್ರಾಯದಲ್ಲಿ ಸಾಯುವ ಮನಸ್ಸು ಬಿರುಗಾಳಿಯ ಹಾಗೆ ಬಂದು ಹೋಗುತ್ತದೆ. ಆ ಹೊತ್ತಿಗೆ ಕೈಗೆ ಏನೂ ಸಿಗದಿದ್ದರೆ ಹೆಚ್ಚಿನ ಮಕ್ಕಳು ಉಳಿದುಕೊಳ್ಳುತ್ತಾರೆ. ಮನೆಯವರು ಮಾಡಬಹುದಾದ ಕೆಲಸಗಳಲ್ಲಿ ಇದಕ್ಕಿಂತ ದೊಡ್ಡದು ಇನ್ನೊಂದಿಲ್ಲ.

ಬಳಿಕ ಫೋನ್. 14416 ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ, ದಿನದ ಇಪ್ಪತ್ತನಾಲ್ಕು ಗಂಟೆಯೂ ಉಚಿತ. ಭಾಷೆ ಆರಿಸಿಕೊಳ್ಳುವಾಗ ಕನ್ನಡವೂ ಇರುತ್ತದೆ. 1056 ಕೇರಳ ಆರೋಗ್ಯ ಇಲಾಖೆಯ ದಿಶಾ ಸಹಾಯವಾಣಿ. 1098 ಮಕ್ಕಳ ಸಹಾಯವಾಣಿ, ಇದಕ್ಕೆ ಮಗುವೇ ಕರೆ ಮಾಡಬಹುದು. ಕೇರಳ ಪೊಲೀಸರ 'ಚಿರಿ' 9497900200 ಕೂಡ ಮಕ್ಕಳಿಗಾಗಿಯೇ ಇರುವುದು. ಹೊಡೆದಾಟ, ಚೂರಿ, ಜೀವಕ್ಕೆ ಕುತ್ತು ಎಂದಾದರೆ 112.

ವಿಷವೋ ಮಾತ್ರೆಯೋ ಹೊಟ್ಟೆಗೆ ಹೋಗಿದೆ ಎಂಬ ಸಂಶಯ ಬಂದರೂ ಸಾಕು, 108ಕ್ಕೆ ಕರೆ ಮಾಡಿ, ತಡವಾಗುತ್ತದೆ ಎಂದು ಕಂಡರೆ ಸಿಕ್ಕಿದ ವಾಹನದಲ್ಲಿ ಹೊರಡಿ. ಉಪ್ಪುನೀರು ಕುಡಿಸುವುದು, ಬೆರಳು ಹಾಕಿ ವಾಂತಿ ಮಾಡಿಸುವುದು ಬೇಡ, ಶ್ವಾಸಕೋಶಕ್ಕೆ ಹೋದರೆ ಇನ್ನೂ ಅಪಾಯ. ಬಾಟಲಿಯನ್ನೋ ಮಾತ್ರೆಯ ಖಾಲಿ ಪಟ್ಟಿಯನ್ನೋ ಜೊತೆಗೆ ಕೊಂಡುಹೋಗಿ. ಮಗು ಚೆನ್ನಾಗಿಯೇ ಮಾತಾಡುತ್ತಿದೆ ಎಂದು ಮನೆಯಲ್ಲಿ ಕಾಯಬೇಡಿ. ಕೆಲವು ವಿಷಗಳು ಮೊದಲ ದಿನ ಏನೂ ತೋರಿಸದೆ ಎರಡು ಮೂರು ದಿನ ಕಳೆದು ಲಿವರನ್ನೋ ಶ್ವಾಸಕೋಶವನ್ನೋ ಕೆಡಿಸುತ್ತವೆ. 'ಪೊಲೀಸ್ ಕೇಸ್ ಆಗುತ್ತದೆ' ಎಂದು ಆಸ್ಪತ್ರೆಯಲ್ಲಿ ಸುಳ್ಳು ಹೇಳಬೇಡಿ, ಸುಳ್ಳು ಹೇಳಿದರೆ ಮದ್ದು ತಪ್ಪುತ್ತದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಸೆಕ್ಷನ್ ಪ್ರಕಾರ ಜೀವ ತೆಗೆದುಕೊಳ್ಳಲು ಹೊರಟವರು ತೀವ್ರ ಮಾನಸಿಕ ಒತ್ತಡದಲ್ಲಿದ್ದರು ಎಂದೇ ಕಾನೂನು ನೋಡುತ್ತದೆ, ಅವರಿಗೆ ಆರೈಕೆ ಕೊಡುವುದು ಸರಕಾರದ ಹೊಣೆ.

ಒಂದು ಹಾಳೆ, ಒಂದು ಫೈಲು

ಯಾವ ಬಾಗಿಲಿಗೆ ಹೋಗುವ ಮೊದಲೂ ಒಂದು ಹಾಳೆ ಬರೆದುಕೊಳ್ಳಿ. ಡಾಕ್ಟರರ ಮುಂದೆ ಸಿಗುವುದು ಕೆಲವೇ ನಿಮಿಷ. ಆಗ 'ಒಟ್ಟಾರೆ ಸರಿಯಿಲ್ಲ ಡಾಕ್ಟ್ರೇ, ಮಾತು ಕೇಳುವುದಿಲ್ಲ' ಎಂದರೆ ಅವರಿಗೆ ಏನೂ ತಿಳಿಯುವುದಿಲ್ಲ. ಮಗುವಿನ ಗುಣದ ಬಗ್ಗೆ ತೀರ್ಪು ಕೊಡದೆ ಕಂಡದ್ದನ್ನಷ್ಟೇ ಬರೆಯಬೇಕು. ಮಾದರಿಗೆ ಹೀಗೆ:

'ಹುಡುಗ, 16 ವರ್ಷ, ಪ್ಲಸ್ ವನ್. ಓಣಂ ರಜೆ ಮುಗಿದಂದಿನಿಂದ ಬದಲಾವಣೆ. ರಾತ್ರಿ ಎರಡು ಗಂಟೆವರೆಗೆ ಎಚ್ಚರ, ಬೆಳಿಗ್ಗೆ ಏಳುವುದಿಲ್ಲ. ಒಂದು ತಿಂಗಳಲ್ಲಿ ಒಂಬತ್ತು ದಿನ ಶಾಲೆಗೆ ಹೋಗಿಲ್ಲ. ಮಧ್ಯಾಹ್ನದ ಊಟ ಬಿಟ್ಟಿದ್ದಾನೆ, ಅಂಗಿ ಸಡಿಲವಾಗಿದೆ. ಮೊದಲು ದಿನಾ ಫುಟ್‌ಬಾಲಿಗೆ ಹೋಗುತ್ತಿದ್ದ, ಈಗ ಇಲ್ಲ. ಎರಡು ಸಲ ಹಣ ಕಾಣೆಯಾಗಿದೆ. ಒಮ್ಮೆ ಬಾಗಿಲಿಗೆ ಕೈ ಗುದ್ದಿಕೊಂಡಿದ್ದಾನೆ. ಸಾಯುವ ಮಾತು ಆಡಿಲ್ಲ. ಅಪ್ಪ ದುಬೈಯಲ್ಲಿ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ ಮಾಧ್ಯಮ. ಅಪ್ಪನ ತಮ್ಮನಿಗೆ ಮಾನಸಿಕ ಕಾಯಿಲೆ ಇತ್ತು. ಈಗ ಯಾವ ಮದ್ದೂ ಇಲ್ಲ.'

ನಿದ್ದೆ, ಊಟ, ಶಾಲೆ, ಗೆಳೆಯರು, ಹಣ, ಸಿಟ್ಟು, ಜೀವದ ಅಪಾಯ, ಕುಟುಂಬದಲ್ಲಿ ಕಾಯಿಲೆ. ಈ ಎಂಟರ ಬಗ್ಗೆ ಒಂದೊಂದು ಸಾಲು ಇದ್ದರೆ ಸಾಕು. ಎರಡು ವಾರಕ್ಕೂ ಮಿಕ್ಕಿ ಇವುಗಳಲ್ಲಿ ಎರಡು ಮೂರು ಒಟ್ಟಿಗೇ ಕೆಟ್ಟಿದ್ದರೆ ಅದು ಬರೀ ಪ್ರಾಯದ ಸಿಡುಕು ಅಲ್ಲ. ಹಾಳೆಯ ಎರಡು ಪ್ರತಿ ಮಾಡಿ, ಒಂದನ್ನು ಕೊಡಿ, ಒಂದನ್ನು ಫೈಲಿಗೆ ಹಾಕಿ. ಅದೇ ಫೈಲಿನಲ್ಲಿ ಒಪಿ ಚೀಟಿ, ಮದ್ದಿನ ಚೀಟಿ, ಶಾಲೆಗೆ ಕೊಟ್ಟ ಪತ್ರದ ನಕಲು, ಆಧಾರ್ ಮತ್ತು ಪಡಿತರ ಚೀಟಿಯ ಪ್ರತಿ ಇರಲಿ. ಆ ಫೈಲು ಮಗುವಿನ ಅಣ್ಣ ತಂಗಿಯರ ಕೈಗೂ ನೆಂಟರ ಕಣ್ಣಿಗೂ ಬೀಳದಂತೆ ನೋಡಿಕೊಳ್ಳಿ.

ಭಾಷೆಯನ್ನು ಮೊದಲೇ ಕೇಳಿ

ಕಾಸರಗೋಡು, ಮಂಜೇಶ್ವರ ತಾಲೂಕಿನ ಮನೆಗಳಿಗೆ ಇದು ತೀರಾ ಮುಖ್ಯ. ಇಲ್ಲಿ ಸೇವೆ ಕೊಡುವವರಲ್ಲಿ ಬಹಳ ಮಂದಿ ತೆಂಕಣ ಜಿಲ್ಲೆಗಳಿಂದ ಬಂದವರು, ಅವರ ಮಾತು ಮಲಯಾಳ. ನಮ್ಮ ಮಕ್ಕಳಿಗೆ ಅಂಗಡಿ, ಬಸ್ಸಿನ ಮಟ್ಟಿಗೆ ಮಲಯಾಳ ಬರುತ್ತದೆ. ಆದರೆ ಹೊಟ್ಟೆಯೊಳಗಿನ ಸಂಕಟವನ್ನು ಹೇಳುವುದು ತುಳುವಿನಲ್ಲೋ ಕನ್ನಡದಲ್ಲೋ ಬ್ಯಾರಿ ಭಾಷೆಯಲ್ಲೋ ಆಗಬೇಕು. ಭಾಷೆ ಹೊಂದದೆ ಹೋದಾಗ ಮಗು ಎಲ್ಲದಕ್ಕೂ 'ಹ್ಞೂಂ', 'ಇಲ್ಲ' ಎಂದಷ್ಟೇ ಹೇಳುತ್ತದೆ, ಚೀಟಿಯಲ್ಲಿ 'ಸಹಕರಿಸುವುದಿಲ್ಲ' ಎಂದು ಬೀಳುತ್ತದೆ.

ಆದ್ದರಿಂದ ಹೊತ್ತು ಗೊತ್ತುಮಾಡುವಾಗಲೇ 'ಕನ್ನಡ ಬರುವವರು ಯಾವ ದಿನ ಇರುತ್ತಾರೆ?' ಎಂದು ವಿಚಾರಿಸಿ. ಯಾರೂ ಇಲ್ಲದಿದ್ದರೆ ಅನುವಾದಕ್ಕೆ ಆಶಾ ಕಾರ್ಯಕರ್ತೆಯನ್ನೋ ನಂಬಿಕಸ್ಥ ಟೀಚರನ್ನೋ ಕೇಳಿಕೊಳ್ಳಿ. ಅಮ್ಮನೇ ಅನುವಾದಕಿಯಾಗಬಾರದು, ತಂಗಿಯಂತೂ ಸರ್ವಥಾ ಬೇಡ. ಮನೆಯವರ ಕುರಿತ ಮಾತನ್ನು ಮನೆಯವರ ಬಾಯಿಂದಲೇ ಹೇಳಿಸಲು ಯಾವ ಮಗುವೂ ಒಪ್ಪದು. ಕಚೇರಿಗಳಿಗೆ ಅರ್ಜಿಯನ್ನು ಕನ್ನಡದಲ್ಲೇ ಬರೆಯಬಹುದು: ಕೇರಳದ ಕಾನೂನಿನ ಪ್ರಕಾರ ಭಾಷಾ ಅಲ್ಪಸಂಖ್ಯಾತ ಪ್ರದೇಶದ ಸ್ಥಳೀಯ ಸರಕಾರಿ ಕಚೇರಿಗಳೊಂದಿಗೆ ಕನ್ನಡದಲ್ಲಿ ಪತ್ರ ವ್ಯವಹಾರ ಮಾಡುವ, ಕನ್ನಡದಲ್ಲೇ ಉತ್ತರ ಪಡೆಯುವ ಹಕ್ಕು ಇದೆ. ಅರ್ಜೆಂಟಿನ ವಿಷಯಕ್ಕೆ ಕನ್ನಡದ ಅರ್ಜಿಯ ಜೊತೆ ಮಲಯಾಳದ ಒಂದು ಪ್ರತಿಯನ್ನೂ ಇಟ್ಟರೆ ಕೆಲಸ ಬೇಗ ಆಗುತ್ತದೆ. ಹಕ್ಕನ್ನು ಬಿಡಬೇಡಿ, ಆದರೆ ಅದಕ್ಕಾಗಿ ಮಗುವಿನ ಒಂದು ವಾರವನ್ನೂ ಕಳೆಯಬೇಡಿ.

ಶಾಲೆಯಿಂದ ಶುರು

ಜೀವದ ಅಪಾಯ ಇಲ್ಲದಿದ್ದರೆ ಹತ್ತಿರದ ಬಾಗಿಲು ಶಾಲೆಯದ್ದೇ. ಕೇರಳದ ಹಲವು ಸರಕಾರಿ ಶಾಲೆಗಳಲ್ಲಿ ಮಹಿಳಾ ಮತ್ತು ಶಿಶು ಅಭಿವೃದ್ಧಿ ಇಲಾಖೆ ನೇಮಿಸಿದ ಕೌನ್ಸೆಲರ್ ಇರುತ್ತಾರೆ. ಹೈಯರ್ ಸೆಕೆಂಡರಿಯಲ್ಲಿ ಹದಿಹರೆಯದವರಿಗೆ ನೆರವಾಗುವ ಸೌಹೃದ ಕ್ಲಬ್ಬಿನ ಹೊಣೆ ಹೊತ್ತ ಅಧ್ಯಾಪಕರು ಇರುತ್ತಾರೆ. ಅನುದಾನಿತ ಶಾಲೆಗಳಲ್ಲಿ ಕೌನ್ಸೆಲರ್ ಇಲ್ಲದಿರುವುದೇ ಹೆಚ್ಚು. ಹಾಗಿದ್ದರೆ ಅಂಗನವಾಡಿ ಟೀಚರನ್ನು ಕೇಳಿ, ಅಂಗನವಾಡಿಗಳನ್ನು ನಡೆಸುವ ಐಸಿಡಿಎಸ್ ಕಚೇರಿಯಲ್ಲಿ ನಡೆಯುವ ಪೇರೆಂಟಿಂಗ್ ಕ್ಲಿನಿಕ್ ಯಾವ ದಿನ ಎಂದು ಅವರು ವಿಚಾರಿಸಿ ಹೇಳುತ್ತಾರೆ. ಅಲ್ಲಿಗೆ ಹೋಗಲು ಮಗುವನ್ನು ಒಪ್ಪಿಸಲೇಬೇಕೆಂದಿಲ್ಲ, ಹೆತ್ತವರು ಮಾತ್ರ ಹೋದರೂ ಸಾಕು.

ಕೌನ್ಸೆಲರ್ ಬಳಿಗೆ ಮೊದಲ ಸಲ ಹೋಗುವಾಗ ಹೆಡ್‌ಮಾಸ್ಟರ ಕೋಣೆಯಲ್ಲಿ ಮಾತಾಡಬೇಡಿ, ಸ್ಟಾಫ್ ರೂಮಿನಲ್ಲಂತೂ ಬೇಡವೇ ಬೇಡ. ಬೇರೆ ಕೋಣೆ ಕೇಳಿ. ಹಾಳೆಯನ್ನು ಕೊಟ್ಟು ಮೂರು ಪ್ರಶ್ನೆ ಕೇಳಿ: ವಾರಕ್ಕೆ ಎಷ್ಟು ಸಲ ನೋಡುತ್ತೀರಿ, ಮಗು ಹೇಳಿದ್ದರಲ್ಲಿ ಯಾವುದನ್ನು ನಮಗೆ ತಿಳಿಸುತ್ತೀರಿ ಯಾವುದನ್ನು ತಿಳಿಸುವುದಿಲ್ಲ, ಆಸ್ಪತ್ರೆ ಬೇಕು ಎಂದು ನಿಮಗೆ ಯಾವಾಗ ಅನಿಸುತ್ತದೆ. ಒಳ್ಳೆಯ ಕೌನ್ಸೆಲರ್ ಜೀವದ ಅಪಾಯ, ದೌರ್ಜನ್ಯ ಎರಡನ್ನು ಬಿಟ್ಟು ಉಳಿದದ್ದನ್ನು ಗುಟ್ಟಾಗಿಡುತ್ತಾರೆ. ಮಗು ಹೊರಬಂದ ಕೂಡಲೇ 'ಏನೆಲ್ಲ ಕೇಳಿದರು? ನೀನು ಏನು ಹೇಳಿದೆ?' ಎಂದು ತನಿಖೆ ಮಾಡಬೇಡಿ. ಮೊದಲ ಎರಡು ಮೂರು ಭೇಟಿಯಲ್ಲಿ ಮಗು ಏನೂ ಹೇಳದೆ ಇರುವುದೇ ಸಹಜ. ಹೆಚ್ಚಿನ ಮನೆಯವರು ನಿಲ್ಲಿಸಿಬಿಡುವುದೂ ಸರಿಯಾಗಿ ಅಲ್ಲೇ. ಕನಿಷ್ಠ ಆರು ಭೇಟಿಯವರೆಗೆ ತಾಳ್ಮೆ ಬೇಕು.

ಶಾಲೆಯವರು 'ಟಿಸಿ ಕೊಂಡುಹೋಗಿ' ಎಂದರೆ ಅಲ್ಲೇ ಸಹಿ ಹಾಕಬೇಡಿ. ಎಂಟನೇ ತರಗತಿವರೆಗೆ ಮಗುವನ್ನು ಶಾಲೆಯಿಂದ ಹೊರಹಾಕುವುದನ್ನು ಶಿಕ್ಷಣ ಹಕ್ಕು ಕಾಯ್ದೆಯ 16ನೇ ಸೆಕ್ಷನ್ ತಡೆಯುತ್ತದೆ. ಮೇಲಿನ ತರಗತಿಗಳಲ್ಲಿ ಆ ರಕ್ಷಣೆ ಇಲ್ಲ, ಆದ್ದರಿಂದ ಕಾರಣವನ್ನು ಬರಹದಲ್ಲಿ ಕೊಡಿ ಎಂದು ಕೇಳಿ, ಪಿಟಿಎ ಅಧ್ಯಕ್ಷರಿಗೆ ತಿಳಿಸಿ, ಬಳಿಕ ಜಿಲ್ಲಾ ಶಿಕ್ಷಣಾಧಿಕಾರಿಗೂ ಮಕ್ಕಳ ರಕ್ಷಣಾ ಘಟಕಕ್ಕೂ ಅರ್ಜಿ ಕೊಡಿ. ಕಾರಣ ಬರೆದುಕೊಡಿ ಎಂದ ಕೂಡಲೇ ಎಷ್ಟೋ ಸಲ ಟಿಸಿಯ ಮಾತು ಅಲ್ಲಿಗೇ ನಿಲ್ಲುತ್ತದೆ.

ಆಸ್ಪತ್ರೆ

ಊರಿನ ಕುಟುಂಬ ಆರೋಗ್ಯ ಕೇಂದ್ರದಲ್ಲಿ ಖಿನ್ನತೆಯನ್ನು ಗುರುತಿಸುವ 'ಆಶ್ವಾಸಂ' ಸೇವೆ ಇದೆಯೇ ಎಂದು ಮೊದಲು ಕೇಳಿ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ ತಿಂಗಳಿಗೆ ಗೊತ್ತಾದ ದಿನಗಳಲ್ಲಿ ದೊಡ್ಡ ಆರೋಗ್ಯ ಕೇಂದ್ರಗಳಿಗೆ ಬರುತ್ತದೆ. ಮಂಗಲ್ಪಾಡಿ, ಕುಂಬಳೆ, ಬದಿಯಡ್ಕ ಇವುಗಳಲ್ಲಿ ನಿಮಗೆ ಹತ್ತಿರದ್ದು ಯಾವುದೋ ಅಲ್ಲಿಗೆ ಫೋನ್ ಮಾಡಿ ದಿನ ಖಚಿತಪಡಿಸಿಕೊಂಡು ಹೊರಡಿ. ಸುಮ್ಮನೆ ಹೋಗಿ ತಂಡವಿಲ್ಲದೆ ವಾಪಸು ಬಂದರೆ ಎರಡನೇ ಸಲ ಮಗು ಬಸ್ಸು ಹತ್ತುವುದಿಲ್ಲ. ಅದಕ್ಕಿಂತ ಮೇಲೆ ಕಾಸರಗೋಡಿನ ಜನರಲ್ ಆಸ್ಪತ್ರೆ, ಕಾಞಂಗಾಡಿನ ಜಿಲ್ಲಾ ಆಸ್ಪತ್ರೆ. ಹತ್ತರಿಂದ ಹತ್ತೊಂಬತ್ತು ಪ್ರಾಯದವರಿಗೆ ಹದಿಹರೆಯದವರ ಕ್ಲಿನಿಕ್ ಎಂಬ ಪ್ರತ್ಯೇಕ ವ್ಯವಸ್ಥೆಯೂ ಸರಕಾರಿ ಆಸ್ಪತ್ರೆಗಳಲ್ಲಿ ಇದೆ. ಮುಟ್ಟಿನ ತೊಂದರೆ, ರಕ್ತಹೀನತೆ, ಮೊಡವೆ ಎಂಬ ನೆಪದಲ್ಲಿ ಅಲ್ಲಿಗೆ ಹೋಗಲು ಹುಡುಗಿಯರು ಹೆಚ್ಚು ಒಪ್ಪುತ್ತಾರೆ. ಆ ನೆಪವೂ ಅನೇಕ ಸಲ ನಿಜವೇ ಆಗಿರುತ್ತದೆ. ರಕ್ತ ಕಡಿಮೆಯಾದರೆ, ಥೈರಾಯ್ಡ್ ಏರುಪೇರಾದರೆ ಸುಸ್ತು, ಅಳು, ಮಂಕು ಎಲ್ಲ ಬರುತ್ತವೆ. ಆದ್ದರಿಂದ ಮೊದಲ ಭೇಟಿಯಲ್ಲೇ ಹಿಮೋಗ್ಲೋಬಿನ್, ಥೈರಾಯ್ಡ್ ಪರೀಕ್ಷೆ ಬೇಕೇ ಎಂದು ಕೇಳಿ.

ಮದ್ದು ಬರೆದುಕೊಟ್ಟರೆ ನೆನಪಿಡಬೇಕಾದದ್ದು ಕೆಲವೇ, ಆದರೆ ತಪ್ಪುವುದೆಲ್ಲ ಅಲ್ಲೇ. ಖಿನ್ನತೆಯ ಮಾತ್ರೆ ಗುಣ ತೋರಿಸಲು ಸಾಧಾರಣ ಎರಡರಿಂದ ಆರು ವಾರ ಬೇಕು. ಹೊಟ್ಟೆ ತೊಳಸುವುದು, ತಲೆನೋವು, ನಿದ್ದೆಗೇಡು ಮೊದಲ ವಾರವೇ ಬರುತ್ತವೆ. ಅಂದರೆ ತೊಂದರೆ ಮೊದಲು, ಗುಣ ಆಮೇಲೆ. ಇದನ್ನು ಮಗುವಿಗೂ ಹೇಳಿರಬೇಕು. ಮದ್ದು ಶುರುಮಾಡಿದ ಅಥವಾ ಪ್ರಮಾಣ ಬದಲಿಸಿದ ಮೊದಲ ಕೆಲವು ವಾರ ಚಡಪಡಿಕೆ, ಸಾಯುವ ಮಾತು ಹೆಚ್ಚಿದರೆ ಮುಂದಿನ ತಾರೀಕಿಗೆ ಕಾಯದೆ ಅದೇ ದಿನ ಡಾಕ್ಟರಿಗೆ ತಿಳಿಸಿ. ಮಾತ್ರೆಯ ಪಟ್ಟಿ ಮಗುವಿನ ಕೈಯಲ್ಲಿ ಬೇಡ, ದಿನದ ಪಾಲನ್ನು ದೊಡ್ಡವರೇ ಎಣಿಸಿ ಕೊಡಬೇಕು. 'ಈಗ ಸರಿಹೋಯಿತು' ಎಂದು ನೀವೇ ನಿಲ್ಲಿಸಬೇಡಿ, ಡಾಕ್ಟರರು ಹಂತ ಹಂತವಾಗಿ ಇಳಿಸುತ್ತಾರೆ.

ಗಡಿಯ ಮನೆಗಳಿಗೆ ಮಂಗಳೂರೇ ಹತ್ತಿರ. ವೆನ್ಲಾಕ್, ಕಂಕನಾಡಿ, ದೇರಳಕಟ್ಟೆಯ ಆಸ್ಪತ್ರೆಗಳಲ್ಲಿ ಕನ್ನಡ, ತುಳು ಎರಡೂ ಸಲೀಸು, ಊರಿನವರ ಕಣ್ಣಿಗೆ ಬೀಳುವ ಹೆದರಿಕೆಯೂ ಕಡಿಮೆ. ಇವು ಸಣ್ಣ ಕಾರಣಗಳಲ್ಲ, ಅಲ್ಲಿಗೆ ಹೋಗುವುದರಲ್ಲಿ ತಪ್ಪಿಲ್ಲ. ಆದರೆ ಎರಡು ಕೆಲಸ ಮಾಡಿ. ದಾಖಲಾಗುವ ಮೊದಲೇ ಕೇರಳದ ವಿಮಾ ಕಾರ್ಡು ಅಲ್ಲಿ ನಡೆಯುತ್ತದೆಯೇ ಎಂದು ಬಿಲ್ಲಿಂಗ್ ಕೌಂಟರಿನಲ್ಲಿ ಕೇಳಿ. ಹೊರಡುವಾಗ ಬಿಡುಗಡೆ ಪತ್ರದಲ್ಲಿ ಮದ್ದುಗಳ ಮೂಲ ಹೆಸರು, ಪ್ರಮಾಣ, ಮುಂದಿನ ತಾರೀಕು ಸ್ಪಷ್ಟವಾಗಿ ಬರೆಸಿ, ಅದರ ಪ್ರತಿಯನ್ನು ನಿಮ್ಮೂರ ಆರೋಗ್ಯ ಕೇಂದ್ರಕ್ಕೆ ಕೊಡಿ. ಆಗ ತಿಂಗಳ ಮದ್ದು ಸರಕಾರಿ ಕ್ಲಿನಿಕ್ಕಿನಲ್ಲೇ ಸಿಗುವಂತೆ ಮಾಡಿಕೊಳ್ಳಬಹುದು. ಹಾಗೆ ಮಾಡದಿದ್ದರೆ ಮೂರನೇ ತಿಂಗಳಿಗೆ ಬಸ್ಸಿನ ಖರ್ಚು, ಕೂಲಿಯ ನಷ್ಟ ಎಂದು ಭೇಟಿ ತಪ್ಪುತ್ತದೆ, ಮದ್ದು ನಿಲ್ಲುತ್ತದೆ. ತೀರಾ ಜಟಿಲವಾದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮತ್ತು ಹದಿಹರೆಯದವರ ಪ್ರತ್ಯೇಕ ವಿಭಾಗವಿದೆ, ಹೆತ್ತವರಲ್ಲಿ ಒಬ್ಬರು ಮಗುವಿನೊಡನೆ ಉಳಿಯಲು ತಯಾರಾಗಿ ಹೋಗಬೇಕು.

ದೈವದಲ್ಲಿ ಅರಿಕೆ, ಹರಕೆ, ನೂಲು ಕಟ್ಟಿಸುವುದು, ದರ್ಗಾಕ್ಕೆ ಹೋಗುವುದು ನಿಮ್ಮ ನಂಬಿಕೆ. ಅದರಿಂದ ಮನೆಗೆ ಧೈರ್ಯ ಬರುವುದೂ ನಿಜ. ಮದ್ದು ನಿಲ್ಲಿಸಲು, ಉಪವಾಸ ಕೆಡವಲು, ಹೊಡೆಯಲು, ಹೊಗೆ ಹಾಕಲು ಹೇಳುವವರ ಬಳಿಗೆ ಮಾತ್ರ ಮಗುವನ್ನು ಕೊಂಡುಹೋಗಬೇಡಿ.

ಗಾಂಜಾ, ಎಂಡಿಎಂಎ, ತಂಬಾಕು, ಮಾತ್ರೆ

ಇದು ಗಡಿ ಜಿಲ್ಲೆ. ಗಾಂಜಾ ಆಗಲಿ, ಎಂಡಿಎಂಎ ಎಂಬ ರಾಸಾಯನಿಕ ಮಾದಕ ವಸ್ತುವಾಗಲಿ, ಸರಕು ಸಿಗುವುದು ಸುಲಭ, ಗೆಳೆಯರ ಮೂಲಕ ಮೊದಲ ಸಲ ಪುಕ್ಕಟೆಯಾಗಿಯೇ ಸಿಗುತ್ತದೆ. ಕೆಂಪಾದ ಕಣ್ಣು, ಇದ್ದಕ್ಕಿದ್ದಂತೆ ವಿಪರೀತ ಹಸಿವು, ಎರಡು ರಾತ್ರಿ ನಿದ್ದೆಯಿಲ್ಲದೆ ಬಳಿಕ ಇಡೀ ದಿನ ಮಲಗುವುದು, ದವಡೆ ಕಡಿಯುವುದು, ತೂಕ ಇಳಿಯುವುದು, ಗೂಗಲ್ ಪೇಯಲ್ಲಿ ಗುರುತಿಲ್ಲದ ಹೆಸರುಗಳಿಗೆ ಸಣ್ಣ ಸಣ್ಣ ಮೊತ್ತ ಹೋಗುವುದು ಸಂಶಯಕ್ಕೆ ಎಡೆ ಕೊಡುವ ಲಕ್ಷಣಗಳು. ಒಂದೊಂದಕ್ಕೂ ಬೇರೆ ಕಾರಣ ಇರಬಹುದು, ಆದ್ದರಿಂದ ಒಂದೇ ಲಕ್ಷಣ ಹಿಡಿದು ಆರೋಪ ಹೊರಿಸಬೇಡಿ.

ಸಿಟ್ಟಿನಲ್ಲಿ ಕೋಣೆಗೆ ಹಾಕಿ ಬೀಗ ಜಡಿಯುವುದು ಅತ್ಯಂತ ಅಪಾಯ. ನಿದ್ದೆ ಮಾತ್ರೆಯ ಜಾತಿಯ ಮದ್ದುಗಳನ್ನು, ವಿಪರೀತ ಮದ್ಯವನ್ನು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು. ಗಾಂಜಾ ಬಿಟ್ಟ ಮೊದಲ ವಾರ ನಿದ್ದೆಗೇಡು, ಸಿಡುಕು, ಬೆವರು ಜಾಸ್ತಿ, ಎರಡು ಮೂರು ವಾರಕ್ಕೆ ಇಳಿಯುತ್ತದೆ. ಆ ವಾರಗಳ ಸಿಡುಕನ್ನು 'ಇವನು ಸರಿಯಾಗುವವನಲ್ಲ' ಎಂದು ಓದಿದರೆ ಗೆಲ್ಲುತ್ತಿದ್ದ ಆಟವನ್ನು ಬಿಟ್ಟುಕೊಟ್ಟ ಹಾಗೆ.

ಅಬಕಾರಿ ಇಲಾಖೆಯ ವಿಮುಕ್ತಿ ಸಹಾಯವಾಣಿ 14405, ಕೇಂದ್ರ ಸರಕಾರದ್ದು 14446, ಎರಡೂ ಉಚಿತ. ಜಿಲ್ಲೆಯ ವಿಮುಕ್ತಿ ಚಿಕಿತ್ಸಾ ಕೇಂದ್ರ ನೀಲೇಶ್ವರದ ತಾಲೂಕು ಆಸ್ಪತ್ರೆಯಲ್ಲಿದೆ. ಮಂಜೇಶ್ವರದವರಿಗೆ ಅದು ಸುಮಾರು 60 ಕಿಲೋಮೀಟರ್ ದೂರ, ಹೋಗುವ ಮೊದಲು ಫೋನಿನಲ್ಲಿ ಪ್ರಾಯ ಹೇಳಿ ಯಾವ ದಿನ ಬರಬೇಕೆಂದು ಕೇಳಿ. 'ಚಿಕಿತ್ಸೆಗೆ ಹೋದರೆ ಕೇಸು ಹಾಕುತ್ತಾರೆ' ಎಂಬುದು ಊರಲ್ಲಿ ಹಬ್ಬಿರುವ ತಪ್ಪು ಮಾತು. ಡಾಕ್ಟರ ಬಳಿಗೆ ಹೋಗುವುದು ಅಪರಾಧವಲ್ಲ. ಸಣ್ಣ ಪ್ರಮಾಣದ ಪ್ರಕರಣದಲ್ಲಿ ಸಿಕ್ಕಿಬಿದ್ದ ವ್ಯಸನಿ ತಾನಾಗಿ ಮಾನ್ಯ ಕೇಂದ್ರದಲ್ಲಿ ಚಿಕಿತ್ಸೆ ಪಡೆದರೆ ಮೊಕದ್ದಮೆಯಿಂದ ರಕ್ಷಣೆ ಕೊಡಲು ಎನ್‌ಡಿಪಿಎಸ್ ಎಂಬ ಮಾದಕ ವಸ್ತು ಕಾಯ್ದೆಯಲ್ಲಿ 64ಎ ಎಂಬ ಸೆಕ್ಷನ್ನೇ ಇದೆ. ಚಿಕಿತ್ಸೆಯನ್ನು ನಡುವೆ ಬಿಟ್ಟರೆ ಆ ರಕ್ಷಣೆ ಹೋಗಬಹುದು.

ಖಾಸಗಿ ವ್ಯಸನಮುಕ್ತಿ ಕೇಂದ್ರಕ್ಕೆ ಸೇರಿಸುವ ಮುನ್ನ ಮಾನಸಿಕ ಆರೋಗ್ಯ ಪ್ರಾಧಿಕಾರದ ನೋಂದಣಿ ಪತ್ರ ತೋರಿಸಿ ಎನ್ನಿ. 18ಕ್ಕಿಂತ ಕೆಳಗಿನವರನ್ನು ದೊಡ್ಡವರಿಂದ ಬೇರೆಯಾಗಿ ಇರಿಸಬೇಕು, ಮನೆಯವರೊಬ್ಬರು ಅಥವಾ ಅವರು ಗೊತ್ತುಮಾಡಿದವರು ಜೊತೆಯಲ್ಲಿರಬೇಕು, ಹುಡುಗಿಯಾದರೆ ಹೆಂಗಸರೇ ಇರಬೇಕು, ದಾಖಲಾದ ವಿಷಯವನ್ನು 72 ಗಂಟೆಯೊಳಗೆ ಮಾನಸಿಕ ಆರೋಗ್ಯ ಪುನರ್ವಿಮರ್ಶಾ ಮಂಡಳಿಗೆ ತಿಳಿಸಬೇಕು. ಇದು ಕಾನೂನು. 'ಮೂರು ತಿಂಗಳು ಯಾರೂ ನೋಡಲು ಬರುವಂತಿಲ್ಲ' ಎನ್ನುವ ಕಡೆ ಸೇರಿಸಬೇಡಿ.

ಸರಕು ಕೊಟ್ಟವನ ವಿಷಯ ಬೇರೆ. ಮಕ್ಕಳಿಗೆ ಮದ್ಯ, ಮಾದಕ ವಸ್ತು, ತಂಬಾಕು ಕೊಡುವವರಿಗೆ ಬಾಲನ್ಯಾಯ ಕಾಯ್ದೆಯ 77ನೇ ಸೆಕ್ಷನ್ನಿನಲ್ಲಿ ಏಳು ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷ ರೂಪಾಯಿವರೆಗೆ ದಂಡ ಇದೆ. ದೂರು ಕೊಡಿ, ಆದರೆ ಮಗುವಿನ ಬಾಯಿಂದ ಹೆಸರು ಹೊರಡಿಸುವುದನ್ನು ಚಿಕಿತ್ಸೆಯ ಮೊದಲ ಶರತ್ತು ಮಾಡಬೇಡಿ.

ಪೊಲೀಸ್, ಸಿಡಬ್ಲ್ಯುಸಿ, ಪೋಕ್ಸೋ

ಹುಡುಗ ಕಳ್ಳತನ, ಹೊಡೆದಾಟದಲ್ಲಿ ಸಿಕ್ಕಿಬಿದ್ದರೆ ಠಾಣೆಗೆ ಹೋದ ಕೂಡಲೇ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಯಾರು ಎಂದು ಕೇಳಿ, ಪ್ರಾಯಕ್ಕೆ ದಾಖಲೆಯಾಗಿ ಜನನ ಪ್ರಮಾಣ ಪತ್ರ ಅಥವಾ ಎಸ್‌ಎಸ್‌ಎಲ್‌ಸಿ ಪುಸ್ತಕ ಕೊಡಿ. ಮಗುವನ್ನು ಲಾಕಪ್ಪಿನಲ್ಲಿ ಇಡುವಂತಿಲ್ಲ, 24 ಗಂಟೆಯೊಳಗೆ ಬಾಲನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಬೇಕು. ಘೋರ ಅಪರಾಧವಲ್ಲದಿದ್ದರೆ, ದೊಡ್ಡವರ ಜೊತೆ ಸೇರಿ ಮಾಡಿದ್ದಲ್ಲದಿದ್ದರೆ ಎಫ್ಐಆರ್ ಹಾಕದೆ ಠಾಣೆಯ ದಿನಚರಿಯಲ್ಲಿ ದಾಖಲಿಸುವುದೇ ನಿಯಮ. ವಕೀಲರಿಗೆ ದುಡ್ಡಿಲ್ಲವೆಂದು ಸುಮ್ಮನಿರಬೇಡಿ: ಮಕ್ಕಳಿಗೂ ಹೆಂಗಸರಿಗೂ ಆದಾಯ ನೋಡದೆ ಉಚಿತ ವಕೀಲರನ್ನು ಕಾನೂನು ಸೇವಾ ಪ್ರಾಧಿಕಾರ ಕೊಡುತ್ತದೆ, ಸಂಖ್ಯೆ 15100. ಮಂಡಳಿಯಿಂದ ಹೊರಬಂದ ಮಕ್ಕಳನ್ನು ಮತ್ತೆ ಓದಿಗೆ, ಕೆಲಸಕ್ಕೆ ತರುವ 'ಕಾವಲ್' ಎಂಬ ಯೋಜನೆ ಕೇರಳದಲ್ಲಿದೆ, ಅದಕ್ಕೆ ಸೇರಿಸಿ ಎಂದು ನೀವೇ ಕೇಳಬೇಕು.

ಮಕ್ಕಳ ಕಲ್ಯಾಣ ಸಮಿತಿ, ಅಂದರೆ ಸಿಡಬ್ಲ್ಯುಸಿ, ತಪ್ಪು ಮಾಡಿದವರಿಗಲ್ಲ, ರಕ್ಷಣೆ ಬೇಕಾದ ಮಕ್ಕಳಿಗೆ ಇರುವುದು. ಮನೆಯಲ್ಲಿ ಕುಡಿದು ಹೊಡೆಯುವ ಅಪ್ಪ, ನೋಡಿಕೊಳ್ಳುವವರಿಲ್ಲದ ಮನೆ, ಬಾಲ್ಯವಿವಾಹದ ತಯಾರಿ ಇವೆಲ್ಲ ಅಲ್ಲಿಗೆ ಹೋಗಬೇಕಾದ ಸಂಗತಿ. 'ಸಿಡಬ್ಲ್ಯುಸಿಗೆ ಹೋದರೆ ಮಗುವನ್ನು ಎತ್ತಿಕೊಂಡು ಹೋಗುತ್ತಾರೆ' ಎಂದು ಹೆದರುವವರಿದ್ದಾರೆ. ಸಂಸ್ಥೆಗೆ ಸೇರಿಸುವುದು ಕಡೆಯ ದಾರಿ ಎಂದೇ ಕಾನೂನು ಹೇಳುತ್ತದೆ.

ಲೈಂಗಿಕ ದೌರ್ಜನ್ಯವಾದರೆ ಒಂದು ಮಾತು ಮೊದಲೇ ತಿಳಿದಿರಲಿ: 18ರ ಕೆಳಗಿನವರ ಮೇಲಿನ ದೌರ್ಜನ್ಯ ಗೊತ್ತಾದ ಯಾರೇ ಆಗಲಿ, ಕೌನ್ಸೆಲರ್, ಡಾಕ್ಟರ್, ಟೀಚರ್ ಸಹಿತ, ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ ಪೋಕ್ಸೋ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಅವರು ನಂಬಿಕೆ ದ್ರೋಹ ಮಾಡಿದರು ಎಂದು ತಿಳಿಯಬಾರದು. ಹೇಳಿಕೆಯನ್ನು ಮಗುವಿನ ಮನೆಯಲ್ಲೋ ಮಗು ಬಯಸಿದ ಕಡೆಯಲ್ಲೋ ಪಡೆಯಬೇಕು, ಪೊಲೀಸರು ಸಮವಸ್ತ್ರದಲ್ಲಿ ಬರಬಾರದು, ಸಾಧ್ಯವಾದ ಮಟ್ಟಿಗೆ ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕು, ಅನುವಾದಕರನ್ನು ಕೇಳಬಹುದು. ಊರಿನ ಪಂಚಾಯಿತಿಕೆಯಲ್ಲಿ ಮುಗಿಸುವ ಮಾತಿಗೆ ಒಪ್ಪಬೇಡಿ. ಮನೆಯಲ್ಲಿ ಇರಲಾಗದ ಪರಿಸ್ಥಿತಿ ಇದ್ದರೆ ಹೆಂಗಸರ ಸಹಾಯವಾಣಿ 181ಕ್ಕೆ ಕರೆ ಮಾಡಿ. ಕುಟುಂಬಶ್ರೀಯ ಸ್ನೇಹಿತಾ ಸಹಾಯ ಕೇಂದ್ರವೂ ಜಿಲ್ಲೆಯಲ್ಲಿದೆ, ಅಯಲ್‌ಕೂಟದ ಅಕ್ಕಂದಿರಿಗೆ ಅದರ ದಾರಿ ಗೊತ್ತಿರುತ್ತದೆ.

ಮಗು ಮನೆಬಿಟ್ಟು ಹೋಗಿದ್ದರೆ 24 ಗಂಟೆ ಕಾಯಬೇಕೆಂಬ ನಿಯಮ ಇಲ್ಲ. ಕೂಡಲೇ ದೂರು ಕೊಡಿ, ಇತ್ತೀಚಿನ ಫೋಟೋ, ಹಾಕಿದ್ದ ಬಟ್ಟೆಯ ಬಣ್ಣ, ಕೊನೆಯದಾಗಿ ಮಾತಾಡಿದ ಗೆಳೆಯರ ಹೆಸರು ಕೊಡಿ. ರೈಲ್ವೆಯ 139ಕ್ಕೂ ತಿಳಿಸಿ. ಇಲ್ಲಿಂದ ಹೊರಟ ಮಕ್ಕಳಿಗೆ ಮಂಗಳೂರು ಒಂದು ಗಂಟೆಯ ದಾರಿ, ಅಲ್ಲಿಂದ ಮುಂಬೈ ರೈಲು. ವಾಟ್ಸಾಪ್ ಗುಂಪುಗಳಿಗೆ ಫೋಟೋ ಹಾಕುವ ಮೊದಲು ಪೊಲೀಸರನ್ನು ಕೇಳಿ, ಮಗು ಸಿಕ್ಕಿದ ಮೇಲೂ ಆ ಫೋಟೋ ವರ್ಷಗಟ್ಟಲೆ ಸುತ್ತುತ್ತಿರುತ್ತದೆ.

ಖಾಸಗಿ ಚಿತ್ರ ತೋರಿಸಿ ಯಾರಾದರೂ ಹೆದರಿಸುತ್ತಿದ್ದರೆ ಹಣ ಕೊಡಬೇಡಿ, ಚಾಟ್ ಅಳಿಸಬೇಡಿ, ಸ್ಕ್ರೀನ್‌ಶಾಟ್ ತೆಗೆದು ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೆ ಕರೆ ಮಾಡಿ. 18ರ ಕೆಳಗಿನವರ ಚಿತ್ರಗಳನ್ನು ಜಾಲತಾಣಗಳಿಂದ ತೆಗೆಸಲು 'ಟೇಕ್ ಇಟ್ ಡೌನ್' ಎಂಬ ಉಚಿತ ಸೇವೆ ಇದೆ. ಅದರಲ್ಲಿ ಚಿತ್ರ ಫೋನಿನಿಂದ ಹೊರಗೆ ಹೋಗುವುದಿಲ್ಲ, ಅದರ ಗುರುತಿನ ಸಂಕೇತ ಮಾತ್ರ ಹೋಗುತ್ತದೆ. ಮಗುವಿಗೆ ಮೊದಲು ಹೇಳಬೇಕಾದ ಮಾತು 'ತಪ್ಪು ಹೆದರಿಸುವವನದ್ದು' ಎಂಬುದು. ಫೋನ್ ಕಸಿದುಕೊಂಡರೆ ಮುಂದಿನ ಸಲ ಮಗು ನಿಮಗೆ ಹೇಳುವುದೇ ಇಲ್ಲ.

ಹಣ, ಓದು

ಅಪ್ಪ ತೀರಿಹೋಗಿದ್ದರೆ, ಬಿಟ್ಟುಹೋಗಿದ್ದರೆ, ಹೆತ್ತವರಿಗೆ ಗಂಭೀರ ಕಾಯಿಲೆ ಇದ್ದರೆ ಮಿಷನ್ ವಾತ್ಸಲ್ಯ ಎಂಬ ಕೇಂದ್ರದ ಮಕ್ಕಳ ಯೋಜನೆಯ ಪ್ರಾಯೋಜಕತ್ವದಲ್ಲಿ ಮಗುವಿಗೆ ತಿಂಗಳಿಗೆ 4,000 ರೂಪಾಯಿ ಸಿಗಬಹುದು. ವಾರ್ಷಿಕ ಆದಾಯದ ಮಿತಿ ಹಳ್ಳಿಯಲ್ಲಿ 72,000, ಉಳಿದೆಡೆ 96,000 ರೂಪಾಯಿ. ವಿಲೇಜ್ ಆಫೀಸಿನ ಆದಾಯ ಪತ್ರವನ್ನು ಅಕ್ಷಯ ಕೇಂದ್ರದಲ್ಲಿ ಅರ್ಜಿ ಹಾಕಿ ಪಡೆದು, ಶಾಲೆಯ ಪತ್ರ, ಆಧಾರ್, ಬ್ಯಾಂಕ್ ಪಾಸ್‌ಬುಕ್ಕಿನೊಂದಿಗೆ ಮಕ್ಕಳ ರಕ್ಷಣಾ ಘಟಕಕ್ಕೆ ಕೊಡಿ. ಪಾಸ್‌ಬುಕ್ಕಿನ ಹೆಸರಿನ ಅಕ್ಷರಕ್ಕೂ ಆಧಾರಿನ ಅಕ್ಷರಕ್ಕೂ ವ್ಯತ್ಯಾಸ ಇದ್ದರೆ ಅರ್ಜಿ ಅಲ್ಲೇ ನಿಲ್ಲುತ್ತದೆ, ಮೊದಲೇ ಸರಿಪಡಿಸಿಕೊಳ್ಳಿ.

ಶಾಲೆ ತಪ್ಪಿಹೋದ ಹುಡುಗರಿಗೆ ಸಾಕ್ಷರತಾ ಮಿಷನ್ನಿನ ಹತ್ತನೇ ತರಗತಿ ತತ್ಸಮಾನ ಪರೀಕ್ಷೆಗೆ 17 ವರ್ಷ ತುಂಬಿರಬೇಕು. ಅದಕ್ಕಿಂತ ಸಣ್ಣವರಿಗೆ ರಾಷ್ಟ್ರೀಯ ಮುಕ್ತ ಶಾಲೆಯಲ್ಲಿ 14ರಿಂದಲೇ ಅವಕಾಶ ಉಂಟು. ಕಾಯಿಲೆಯಿಂದ ಹಾಜರಿ ಕಡಿಮೆಯಾದರೆ ವರ್ಷದ ಕೊನೆಗೆ ಓಡಾಡಬೇಡಿ, ವೈದ್ಯಕೀಯ ಪತ್ರವನ್ನು ಆಯಾ ತಿಂಗಳೇ ಶಾಲೆಗೆ ಕೊಟ್ಟು ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ.

ಮನೆಯವರು

ಅಪ್ಪ ಗಲ್ಫಿನಲ್ಲಿರುವ ಮನೆಗಳಲ್ಲಿ ಎಲ್ಲ ದೂರೂ ರಾತ್ರಿಯ ವೀಡಿಯೋ ಕಾಲಿನಲ್ಲಿ ಅಪ್ಪನಿಗೆ ಹೋಗುತ್ತದೆ, ಅಪ್ಪ ಅಲ್ಲಿಂದಲೇ ಗದರುತ್ತಾರೆ. ಮಗುವಿಗೆ ಅಪ್ಪನೆಂದರೆ ಬೈಗುಳದ ಫೋನು ಎಂದಾಗುತ್ತದೆ. ವಾರಕ್ಕೆ ಎರಡು ಕಾಲ್ ಆದರೂ ಓದು, ಮಾರ್ಕು, ದೂರು ಯಾವುದೂ ಇಲ್ಲದೆ ಬರೀ ಹರಟೆಗೆ ಇರಲಿ. ಚಿಕಿತ್ಸೆಯ ವಿಷಯವನ್ನು ಅಪ್ಪ ಅಮ್ಮ ಮಗು ಕೇಳದ ಹೊತ್ತಿನಲ್ಲಿ ಮಾತಾಡಿಕೊಳ್ಳಬೇಕು, ಮಗುವಿನ ಮುಂದೆ ಇಬ್ಬರ ಮಾತೂ ಒಂದೇ ಆಗಿರಬೇಕು.

ಎಂಡೋಸಲ್ಫಾನ್ ಕೀಟನಾಶಕದಿಂದ ಬಾಧಿತರಾದವರಿರುವ ಮನೆಗಳ ಬಗ್ಗೆ ಬೇರೆಯೇ ಹೇಳಬೇಕು. ಹಾಸಿಗೆ ಹಿಡಿದ ಅಣ್ಣನನ್ನೋ ಅಕ್ಕನನ್ನೋ ಎತ್ತಿ ಕೂರಿಸಿ, ಊಟ ಮಾಡಿಸಿ ಶಾಲೆಗೆ ಹೋಗುವ ಹದಿನೈದರ ಹುಡುಗಿ ಯಾರ ಲೆಕ್ಕಕ್ಕೂ ಬರುವುದಿಲ್ಲ. ಅವಳು ತೊಂದರೆ ಕೊಡುವುದಿಲ್ಲ, ಅದೇ ಅವಳ ತೊಂದರೆ. ವಿಶೇಷ ಅಗತ್ಯದವರಿಗಾಗಿರುವ ಬಡ್ಸ್ ಶಾಲೆಯಲ್ಲಿ ಹಗಲಿನ ಆರೈಕೆ ಸಿಕ್ಕಿದರೆ ಅವಳಿಗೆ ಮೈ ಬಿಡುವು ಸಿಗುತ್ತದೆ, ಶಾಲಾ ಕೌನ್ಸೆಲರಿಗೆ ಅವಳ ಮನೆಯ ಸ್ಥಿತಿ ತಿಳಿದಿರಬೇಕು.

ಫೋನ್ ಮಾಡುವ ಅಮ್ಮನಿಗೂ ನಿದ್ದೆ ಇಲ್ಲ, ಊಟ ಇಲ್ಲ ಎಂದಾದರೆ 14416 ಅವರಿಗೂ ಇರುವುದು. ಆಶಾ ಕಾರ್ಯಕರ್ತೆ ಮನೆಗೆ ಬಂದಾಗ ತನ್ನ ವಿಷಯವನ್ನೂ ಹೇಳಿಕೊಳ್ಳಲಿ.

ಕೊನೆಗೆ ಕ್ಯಾಲೆಂಡರ್. ಮುಂದಿನ ಭೇಟಿಯ ತಾರೀಕನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಕಾಯಿಲೆಯ ಹೆಸರು ಬರೆಯದೆ ಒಂದು ಚುಕ್ಕೆ ಇಟ್ಟರೆ ಸಾಕು. ಮದ್ದು ಮುಗಿಯುವ ಐದು ದಿನ ಮೊದಲು ಇನ್ನೊಂದು ಚುಕ್ಕೆ. ತಿಂಗಳಿಗೊಮ್ಮೆ ಹೊಸ ಹಾಳೆ ತೆಗೆದು ಅದೇ ಎಂಟು ವಿಷಯ ಮತ್ತೆ ಬರೆಯಿರಿ, ಹಳೆಯ ಹಾಳೆಯ ಪಕ್ಕದಲ್ಲಿಟ್ಟು ನೋಡಿ. ನಿದ್ದೆ ಅರ್ಧ ಗಂಟೆ ಹೆಚ್ಚಿದ್ದು, ಹಾಜರಿ ಮೂರು ದಿನ ಹೆಚ್ಚಿದ್ದು ದಿನದಿನದ ಗಲಾಟೆಯಲ್ಲಿ ಕಾಣುವುದಿಲ್ಲ, ಹಾಳೆಯಲ್ಲಿ ಕಾಣುತ್ತದೆ. ಎರಡು ತಿಂಗಳ ಹಾಳೆಯಲ್ಲೂ ಏನೂ ಬದಲಾಗದಿದ್ದರೆ ಎರಡನ್ನೂ ಡಾಕ್ಟರ ಮುಂದಿಟ್ಟು, ಚಿಕಿತ್ಸೆ ಬದಲಿಸಬೇಕೇ, ಮೇಲಿನ ಆಸ್ಪತ್ರೆಗೆ ಪತ್ರ ಕೊಡುತ್ತೀರಾ ಎಂದು ನೀವೇ ಕೇಳಿ.